ತೊಗಟೆ ಕೆಳಗಿನ ಹುಳಕ್ಕೆ ಹೆಸರು ಬೇಕಿದ್ದರೆ: ಗೊಬ್ಬರದ ಅಂಗಡಿಯಿಂದ ಐನ್ಯಾಚುರಲಿಸ್ಟ್ ಬಗ್ಗೆ

ಹುಳ, ಹಕ್ಕಿ, ಗಿಡದ ಫೋಟೊ ಹಾಕಿದರೆ ಬಲ್ಲವರು ಹೆಸರು ಹೇಳುವ ಐನ್ಯಾಚುರಲಿಸ್ಟ್ ಆಪ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹಕ್ಕಿ ನೋಡುವವರು, ಚಿಟ್ಟೆ ಫೋಟೊ ತೆಗೆಯುವವರು. ನನ್ನ ಲೆಕ್ಕ ಬೇರೆ. ಪಾಂಡವಪುರದ ಕಡೆ ಬೀಜ, ಗೊಬ್ಬರ, ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ಗಲ್ಲಾಪೆಟ್ಟಿಗೆ ಪಕ್ಕ ಯಾವಾಗಲೂ ಯಾವುದಾದರೂ ಹುಳ ಬಂದು ಕೂತಿರುತ್ತದೆ. ಕವರಿನಲ್ಲಿ ತರುತ್ತಾರೆ, ಬೆಂಕಿಪೊಟ್ಟಣದಲ್ಲಿ ತರುತ್ತಾರೆ, ಕೆಲವರು ಟವೆಲ್ ತುದಿಗೆ ಗಂಟು ಹಾಕಿಕೊಂಡು ಬರುತ್ತಾರೆ. ತಂದವರ ಪ್ರಶ್ನೆ ಮಾತ್ರ ಒಂದೇ. "ಅಣ್ಣ, ಇದ್ಕೆ ಯಾನ್ ಹೊಡಿಯಾನ?"

ಹುಳ ಯಾವುದು ಅಂತ ಗೊತ್ತಾಗದೆ ಆ ಪ್ರಶ್ನೆಗೆ ಉತ್ತರ ಕೊಡಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಔಷಧಿ ಮಾರುವವನೇ ಈ ಮಾತು ಹೇಳುತ್ತಿದ್ದೇನೆ. ಅದಕ್ಕೇ ಈ ಆಪ್ ನನಗೆ ಇಷ್ಟು ಮುಖ್ಯ. ಇಲ್ಲಿ ಒಂದೇ ಒಂದು ಹುಳದ ಕತೆ ಹಿಡಿದು ಅದು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುತ್ತೇನೆ.

ವಿ.ಸಿ. ನಾಲೆ ಏರಿ ಪಕ್ಕ ಒಂದು ದೊಡ್ಡ ಗೋಣಿ ಮರ ಮೇ ತಿಂಗಳ ಗಾಳಿಮಳೆಗೆ ಉರುಳಿತ್ತು. ಮರದ ಪಕ್ಕದಲ್ಲೇ ಒಬ್ಬರ ತೆಂಗಿನ ತೋಟ. ಸೌದೆಗೆ ಅಂತ ದಿಮ್ಮಿ ಸೀಳುವಾಗ ತೊಗಟೆ ಎದ್ದು ಬಂತು. ಒಳಗಡೆ ಹುಳಿ ಹೆಂಡದ ಥರ ವಾಸನೆ, ಕಂದು ಬಣ್ಣದ ಒದ್ದೆ ಪುಡಿ, ನಡುವೆ ಚಪ್ಪಟೆ ಕಪ್ಪು ಹುಳಗಳು. ತೋಟದವರು ಅವುಗಳಲ್ಲಿ ಎರಡನ್ನು ಗುಟ್ಕಾ ಡಬ್ಬಿಯಲ್ಲಿ ಹಾಕಿಕೊಂಡು ಅಂಗಡಿಗೆ ಬಂದರು. ಗಾಬರಿಯಾಗಿದ್ದರು. "ಬಾಯಲ್ಲಿ ಕತ್ರಿ ಇದ್ದಂಗೈತೆ ನೋಡಣ್ಣ. ತೆಂಗ್ನ ಮರುಕ್ಕೆ ಹತ್ತುದ್ರೆ ಸುಳಿನೇ ತಿಂದಾಕ್ತವೆ."

ಅವರ ಭಯಕ್ಕೆ ಕಾರಣ ಇದೆ. ತೆಂಗಿಗೆ ಕಪ್ಪು ದುಂಬಿ ಅಂದರೆ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ರೈನೋಸರಸ್ ದುಂಬಿ. ಅದು ಎಳೆ ಸುಳಿ ಕೊರೆದು ರಸ ಕುಡಿಯುತ್ತದೆ. ಆಮೇಲೆ ಬಿಚ್ಚಿಕೊಳ್ಳುವ ಗರಿ ಕತ್ತರಿಯಿಂದ ತ್ರಿಕೋನ ಕತ್ತರಿಸಿದ ಹಾಗೆ ಕಾಣುತ್ತದೆ. ಆ ಗಾಯದ ವಾಸನೆಗೆ ಕೆಂಪು ಮೂತಿ ಹುಳ ಬಂದು ಮೊಟ್ಟೆ ಇಟ್ಟರೆ ಮರವೇ ಹೋಗುತ್ತದೆ. ಇಷ್ಟು ವರ್ಷ ಬೆಳೆಸಿದ ಮರ ಕಣ್ಣೆದುರೇ ಬೀಳುವುದನ್ನು ನೋಡಿದವರಿಗೆ ಯಾವ ಕಪ್ಪು ಹುಳ ಕಂಡರೂ ಜೀವ ಝಲ್ ಅನ್ನುತ್ತದೆ.

ಅಂಗಡಿ ಮುಂದೆ ಕೂತಿದ್ದ ಇನ್ನೊಬ್ಬರು ಡಬ್ಬಿ ನೋಡಿ ಇದು ರೈನೋಸರಸ್ ದುಂಬಿ ಮರಿ ಅಂದರು. ಈ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ದುಂಬಿ ಬೆಳೆದು ದೊಡ್ಡ ದುಂಬಿ ಆಗುವುದಿಲ್ಲ. ಬೆಳೆಯುವುದೆಲ್ಲ ಮರಿಹುಳದ ಕಾಲದಲ್ಲೇ. ತಿಪ್ಪೆ ಕೆದಕಿದಾಗ ಸಿಗುವ ಬಿಳಿ ಗೊಬ್ಬರದ ಹುಳ ಇದೆಯಲ್ಲ, ಅದು ರೈನೋಸರಸ್ ದುಂಬಿಯ ಮರಿ ಆಗಿರಬಹುದು. ಒಂದು ಸಲ ಕೋಶದಿಂದ ರೆಕ್ಕೆ ಬಂದು ಹೊರಗೆ ಬಿತ್ತು ಅಂದರೆ ಅಳತೆ ಮುಗಿಯಿತು. ಸಣ್ಣ ದುಂಬಿ ಸಣ್ಣದಾಗೇ ಇರುತ್ತದೆ.

ಈಗ ಫೋಟೊ ವಿಷಯ. ಆಪ್ ಎಷ್ಟೇ ಚೆನ್ನಾಗಿರಲಿ, ಫೋಟೊ ಕೆಟ್ಟದಾದರೆ ಉತ್ತರವೂ ಹಾಳು. ಮಿರಮಿರ ಹೊಳೆಯುವ ಕಪ್ಪು ಹುಳದ ಫೋಟೊ ತೆಗೆಯುವುದು ನಿಜಕ್ಕೂ ಕಷ್ಟ. ಫ್ಲಾಶ್ ಹಾಕಿದರೆ ಬೆನ್ನ ಮೇಲೆ ಬಿಳಿ ಚುಕ್ಕೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಬಿಸಿಲಿಗೆ ಹಿಡಿದರೂ ಅಷ್ಟೇ. ನಾನು ಬೆಳಗಿನ ಹೊತ್ತು ಅಂಗಡಿ ಬಾಗಿಲ ಹತ್ತಿರ, ನೆರಳಿನಲ್ಲಿ ಬಿಳಿ ಹಾಳೆ ಹಾಸಿ ಅದರ ಮೇಲೆ ಬಿಡುತ್ತೇನೆ. ಓಡುವ ಹುಳ ಆದರೆ ಡಬ್ಬಿ ಸಮೇತ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿ ಇಟ್ಟರೆ ಮೆತ್ತಗಾಗುತ್ತದೆ, ಸಾಯುವುದಿಲ್ಲ. ಪಕ್ಕದಲ್ಲಿ ಸ್ಕೂಲ್ ಮಕ್ಕಳ ಸ್ಕೇಲ್ ಇಡಲೇಬೇಕು. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಹೊಟ್ಟೆ ಕಡೆಯಿಂದ ಒಂದು, ಮುಖದ್ದು ಒಂದು. ಸಿಕ್ಕ ಜಾಗದ ಫೋಟೊನೂ ಒಂದಿರಲಿ. ಎಲ್ಲವನ್ನೂ ಒಂದೇ ದಾಖಲೆಗೆ ಸೇರಿಸಬಹುದು. ತುಂಬ ಜನ ಬೆನ್ನಿನ ಫೋಟೊ ಒಂದನ್ನೇ ಹಾಕಿ, ಆಮೇಲೆ ಉತ್ತರ ಬಂದಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ.

ಇದರ ಜೊತೆ ಹತ್ತು ಪಟ್ಟು ದೊಡ್ಡದು ಮಾಡುವ ಮಡಚುವ ಲೆನ್ಸ್ ಒಂದಿದ್ದರೆ ಅರ್ಧ ಕೆಲಸ ಆದಂತೆ. ಹೆಚ್ಚಿನವರು ಲೆನ್ಸನ್ನು ಹುಳದ ಹತ್ತಿರ ಹಿಡಿದು, ಮುಖವನ್ನು ಮಾರು ದೂರ ಇಟ್ಟುಕೊಂಡು ಇಣುಕುತ್ತಾರೆ. ಹಾಗೆ ನೋಡಿದರೆ ಎಲ್ಲ ಮಸುಕು. ಲೆನ್ಸನ್ನು ಕಣ್ಣಿಗೇ ಒತ್ತಿದ ಹಾಗೆ ಹಿಡಿದು, ಹುಳವನ್ನೇ ಹತ್ತಿರ ತರಬೇಕು. ಸುಮಾರು ಎರಡೂವರೆ ಸೆಂಟಿಮೀಟರ್ ಹತ್ತಿರ ಬಂದಾಗ ಥಟ್ಟನೆ ಎಲ್ಲ ತಿಳಿಯಾಗುತ್ತದೆ.

ಅವತ್ತು ಲೆನ್ಸಿನಲ್ಲಿ ಕಂಡದ್ದನ್ನು ಹೇಳಲೇಬೇಕು. ಉದ್ದ 9 ಮಿಲಿಮೀಟರ್. ದಪ್ಪ ಎಷ್ಟು ಕಡಿಮೆ ಅಂದರೆ ಕಲ್ಲಂಗಡಿ ಬೀಜ ಇಟ್ಟ ಹಾಗೆ. ಹೊಳಪೂ ಅದೇ ಥರ. ತಲೆ ಮುಂದೆ ಎರಡು ಬಾಗಿದ ದವಡೆಗಳು, ತುದಿ ಚೂಪು. ಮುಂಗಾಲಿನ ಅಂಚಿಗೆ ಸಣ್ಣ ಹಲ್ಲುಗಳ ಸಾಲು. ಮೀಸೆ ನೇರ ಇಲ್ಲ. ಬುಡದಿಂದ ಒಂದು ಉದ್ದನೆ ಕಡ್ಡಿ, ಅಲ್ಲಿಂದ ಮೊಣಕೈ ಥರ ಮಡಿಕೆ, ಆಮೇಲೆ ಸಣ್ಣ ಸಣ್ಣ ಮಣಿ, ತುದಿಯಲ್ಲಿ ಒತ್ತಾದ ಗುಂಡನೆ ಗುಬಟು. ಎಲ್ಲಕ್ಕಿಂತ ಮುಖ್ಯ ಹಿಂಭಾಗ. ಬೆನ್ನು ಮುಚ್ಚುವ ಗಟ್ಟಿ ರೆಕ್ಕೆಗಳು ಕೊನೆವರೆಗೂ ಬಂದಿಲ್ಲ. ಮಧ್ಯದಲ್ಲೇ ನೇರವಾಗಿ ಕತ್ತರಿಸಿ ಬಿಟ್ಟಂತೆ ನಿಂತಿವೆ. ಅವುಗಳ ಹಿಂದೆ ಹೊಟ್ಟೆಯ ಕೊನೆಯ ಎರಡು ಫಲಕ ಬಯಲಾಗಿ ಕಾಣುತ್ತವೆ. ಮೇಲೆಲ್ಲ ಸೂಜಿಯಲ್ಲಿ ಚುಚ್ಚಿದಂಥ ಗುಳಿಗಳು. ಪೆನ್ನಿನ ತುದಿ ಮುಟ್ಟಿಸಿದ ಕೂಡಲೇ ಹುಳ ಆರೂ ಕಾಲು ಒಳಗೆಳೆದುಕೊಂಡು ಸತ್ತಂತೆ ಬಿದ್ದುಕೊಂಡಿತು. ಒಂದೆರಡು ನಿಮಿಷ ಕಳೆದ ಮೇಲೆ ಮೆಲ್ಲಗೆ ಒಂದು ಕಾಲು ಹೊರಗೆ ಬಂತು.

ಮೊದಲು ಬೇರೆ ಒಂದು ಆಪಿನಲ್ಲಿ ಇದೇ ಫೋಟೊ ಹಾಕಿದ್ದೆವು. ಅದರ ಹೆಸರು ಇಲ್ಲಿ ಬೇಡ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಉತ್ತರ ಬಂತು: ಯೂರೋಪಿನ ಸಾರಂಗ ದುಂಬಿಯ ಒಂದು ಜಾತಿ. ಪೂರ್ತಿ ಲ್ಯಾಟಿನ್ ಹೆಸರು, ಕೆಳಗೆ ಎರಡು ಪುಟ ವಿವರಣೆ, ಮುಂದೆ ಓದಲು ದುಡ್ಡು ಕಟ್ಟಿ ಅನ್ನುವ ಬಟನ್ನು. ದೊಡ್ಡ ದವಡೆ ಕಂಡರೆ ಸಾಕು, ಸಾರಂಗ ದುಂಬಿ ಅಂದುಬಿಡುತ್ತದೆ. ಸಾರಂಗ ದುಂಬಿಗೆ ಗಟ್ಟಿ ರೆಕ್ಕೆ ಹೊಟ್ಟೆ ಪೂರ್ತಿ ಮುಚ್ಚುತ್ತದೆ. ಅದರ ಮೀಸೆಗೂ ಮೊಣಕೈ ಮಡಿಕೆ ಇದೆ, ಆದರೆ ತುದಿಯಲ್ಲಿರುವುದು ಬಾಚಣಿಗೆ ಹಲ್ಲಿನಂಥ ಎಸಳು, ಒತ್ತಾದ ಗುಬಟು ಅಲ್ಲ. ಈ ಎರಡನ್ನು ನೋಡದೆ ಹೆಸರು ಕೊಟ್ಟರೆ ಏನು ಪ್ರಯೋಜನ? ಅಂಥ ಉತ್ತರ ನಂಬಿ ಯಾರಾದರೂ ತೋಟಕ್ಕೆ ಔಷಧಿ ಹೊಡೆದರೆ ನಷ್ಟ ಆಪಿನವರಿಗಲ್ಲ.

ಐನ್ಯಾಚುರಲಿಸ್ಟ್ ನಡೆದುಕೊಂಡ ರೀತಿಯೇ ಬೇರೆ. ಫೋಟೊ ಹಾಕಿ, ಜಾಗ ಮತ್ತು ತಾರೀಖು ಕೊಟ್ಟ ಮೇಲೆ ಕಂಪ್ಯೂಟರ್ ಒಂದಷ್ಟು ಹೆಸರುಗಳ ಸಲಹೆ ಕೊಡುತ್ತದೆ. ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ನಿಮ್ಮ ಕಡೆ ಸಿಗಬಹುದಾದವು ಯಾವುವು ಅಂತ ಗುರುತು ಹಾಕಿರುತ್ತದೆ. ಅದರಲ್ಲಿ ಒಂದನ್ನು ಆರಿಸಲೇಬೇಕು ಅಂತ ಒತ್ತಾಯ ಇಲ್ಲ. ಸುಮ್ನೆ 'ದುಂಬಿ' ಅಂತ ಮಾತ್ರ ಹಾಕಿ ಬಿಡಬಹುದು. ನಾನು ಹಾಗೇ ಮಾಡಿದೆ. ಮರ ಗೋಣಿ, ಬಿದ್ದು ಕೊಳೆಯುತ್ತಿತ್ತು, ತೊಗಟೆ ಕೆಳಗೆ ಗುಂಪಾಗಿ ಸಿಕ್ಕಿತು ಅಂತ ಕೆಳಗೆ ಬರೆದೆ. ಈ ಒಂದು ಸಾಲು ಫೋಟೊದಷ್ಟೇ ಕೆಲಸಕ್ಕೆ ಬರುತ್ತದೆ.

ಸ್ವಲ್ಪ ಕಾಯಬೇಕಾಯಿತು. ಆಮೇಲೆ ಯಾರೋ ಒಬ್ಬರು, ನಮಗೆ ಮುಖ ಪರಿಚಯವೂ ಇಲ್ಲದವರು, ಇದು ಹಿಸ್ಟೆರಿಡೆ ಕುಟುಂಬ ಅಂತ ಹಾಕಿದರು. ಕಾರಣವನ್ನೂ ಬರೆದಿದ್ದರು: ಅರ್ಧಕ್ಕೇ ನಿಂತ ರೆಕ್ಕೆ, ಮಡಿಚಿದ ಮೀಸೆ, ತುದಿಯ ಗುಬಟು. ಲೆನ್ಸಿನಲ್ಲಿ ನಾವು ನೋಡಿದ್ದೇ ಅದು. ಬಳಿಕ ಇನ್ನೊಬ್ಬರು ಬಂದು ಇಷ್ಟು ಚಪ್ಪಟೆ ಇದ್ದು ದವಡೆ ಹೀಗೆ ಮುಂದೆ ಚಾಚಿದೆ ಅಂದರೆ ಅದೇ ಕುಟುಂಬದೊಳಗಿನ ಹೊಲೊಲೆಪ್ಟ ಅನ್ನುವ ಪಂಗಡ ಅಂದರು. ಜಾತಿ ಯಾವುದು ಅಂತ ಫೋಟೊ ನೋಡಿ ಹೇಳಲು ಆಗುವುದಿಲ್ಲ, ಸ್ಪೆಸಿಮನ್ ಕೈಯಲ್ಲಿ ಹಿಡಿದು ಬೆನ್ನಿನ ಗೆರೆಗಳನ್ನು ನೋಡಬೇಕು ಅಂತಲೂ ಸೇರಿಸಿದರು. ಅಲ್ಲಿಗೆ ನಿಂತಿತು. ಈಗಲೂ ಅಲ್ಲೇ ಇದೆ.

ನನ್ನ ಮಟ್ಟಿಗೆ ಈ ಸೇವೆಯ ದೊಡ್ಡ ಬೆಲೆ ಇದೇ. ಗೊತ್ತಿರುವಷ್ಟು ಹೇಳಿ ನಿಲ್ಲುತ್ತಾರೆ. ಕುಟುಂಬ ಖಾತ್ರಿಯಾದರೆ ಕುಟುಂಬ, ಪಂಗಡ ಖಾತ್ರಿಯಾದರೆ ಪಂಗಡ. ತೋಟದವರಿಗೆ ಬೇಕಿದ್ದ ಉತ್ತರ ಕುಟುಂಬದ ಹೆಸರಿನಲ್ಲೇ ಸಿಕ್ಕಿಬಿಟ್ಟಿತ್ತು.

ಹಿಸ್ಟೆರಿಡೆ ಕುಟುಂಬದಲ್ಲಿ ಪ್ರಪಂಚದಾದ್ಯಂತ ಹೆಸರಿಟ್ಟ ಜಾತಿಗಳೇ ನಾಲ್ಕು ಸಾವಿರಕ್ಕೂ ಜಾಸ್ತಿ ಇವೆ. ಹೆಚ್ಚಿನವು ಬೇಟೆಗಾರ ಹುಳಗಳು. ಸಗಣಿ, ಹೆಣ, ಕೊಳೆತ ಗಿಡ, ತೊಗಟೆ ಕೆಳಗಿನ ಸಂದಿ, ಇಂಥ ಕಡೆ ಇದ್ದುಕೊಂಡು ನೊಣದ ಮರಿಹುಳ, ಬೇರೆ ದುಂಬಿಗಳ ಮೊಟ್ಟೆ ಮತ್ತು ಮರಿ ತಿನ್ನುತ್ತವೆ. ಹೊಲೊಲೆಪ್ಟ ಇಷ್ಟು ಚಪ್ಪಟೆ ಇರುವುದೂ ಅದಕ್ಕೇ. ತೊಗಟೆಗೂ ಮರಕ್ಕೂ ನಡುವೆ ಇರುವ ಕಿರಿದಾದ ಜಾಗದಲ್ಲಿ ನುಗ್ಗಿ ಬೇಟೆ ಹಿಡಿಯಬೇಕಲ್ಲ. ತೋಟದವರು ಕತ್ತರಿ ಅಂದುಕೊಂಡು ಹೆದರಿದ ದವಡೆ ಮರ ಕಡಿಯಲು ಅಲ್ಲ, ಮೆತ್ತನೆ ಮರಿಹುಳಗಳನ್ನು ಹಿಡಿಯಲು. ಬದುಕಿರುವ ತೆಂಗಿನ ಮರಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಈ ಕುಟುಂಬದ ಹುಳಗಳನ್ನು ಮನುಷ್ಯರು ಬೇಕಂತಲೇ ಬೇರೆ ದೇಶಗಳಿಗೆ ಒಯ್ದು ಬಿಟ್ಟಿದ್ದೂ ಇದೆ. ಮಧ್ಯ ಅಮೆರಿಕದ ಕಡೆಯಿಂದ ಆಫ್ರಿಕಾಕ್ಕೆ ಬಂದು ಸೇರಿದ ಒಂದು ಕೊರಕ ಹುಳ ಅಲ್ಲಿ ಕೂಡಿಟ್ಟ ಮೆಕ್ಕೆಜೋಳವನ್ನು ಹಿಟ್ಟು ಮಾಡುತ್ತಿತ್ತು. ಅದನ್ನು ಹಿಡಿದು ತಿನ್ನಲಿ ಅಂತ ಟೆರೆಟ್ರಿಯಸ್ ಅನ್ನುವ ಹಿಸ್ಟರ್ ದುಂಬಿಯನ್ನು 1991ರಲ್ಲಿ ಟೋಗೊ ದೇಶದಲ್ಲಿ ಬಿಟ್ಟರು. ಜಾವಾ ದ್ವೀಪದ ಇನ್ನೊಂದು ಹಿಸ್ಟರ್ ದುಂಬಿಯನ್ನು ಬಾಳೆ ಗೆಡ್ಡೆ ಕೊರೆಯುವ ಮೂತಿ ಹುಳದ ಮೇಲೆ ಬಿಡಲು ಫಿಜಿಗೆ ಒಯ್ದಿದ್ದರು. ನಮ್ಮ ತಾಲೂಕಿನಲ್ಲೂ ಬಾಳೆ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಗೆಡ್ಡೆ ಹುಳದ ಕಾಟ ಅವರಿಗೂ ಗೊತ್ತು. ಅದನ್ನು ತಿನ್ನುವ ಕುಟುಂಬದ ಹುಳವನ್ನೇ ಕಂಡಕಂಡಲ್ಲಿ ಕಾಲಲ್ಲಿ ಹೊಸಕಿದರೆ ಹೊಟ್ಟೆ ಉರಿಯುವುದಿಲ್ಲವಾ?

ತೋಟದವರಿಗೆ ಔಷಧಿ ಕೊಡಲಿಲ್ಲ. ಅವರ ನಿಜವಾದ ಚಿಂತೆ ರೈನೋಸರಸ್ ದುಂಬಿ ತಾನೇ? ಅದಕ್ಕೆ ಬಿದ್ದ ಗೋಣಿ ಮರಕ್ಕಿಂತ ಮೊದಲು ನೋಡಬೇಕಾದದ್ದು ಮನೆ ಹಿಂದಿನ ತಿಪ್ಪೆ. ಅದರ ಮರಿಹುಳ ಬೆಳೆಯುವುದು ಕೊಳೆತ ಗೊಬ್ಬರದಲ್ಲಿ, ಸತ್ತ ತೆಂಗಿನ ಬೊಡ್ಡೆಯಲ್ಲಿ. ಗೊಬ್ಬರ ಎತ್ತುವಾಗ ಹುಳ ಆರಿಸಿ ತೆಗೆಯಿರಿ, ತಿಪ್ಪೆಗೆ ಮೆಟರೈಜಿಯಂ ಶಿಲೀಂಧ್ರದ ಪುಡಿ ನೀರಿಗೆ ಕಲಸಿ ಹಾಕಿ, ಸತ್ತ ತೆಂಗಿನ ಮರ ನಿಲ್ಲಿಸಿಕೊಳ್ಳಬೇಡಿ ಅಂದೆ. ಎಳೆ ಗಿಡಗಳ ಸುಳಿ ಪಕ್ಕದ ಗರಿ ಸಂದಿಯಲ್ಲಿ ನುಸಿಗುಳಿಗೆ ಇಟ್ಟು ಮೇಲೆ ಮರಳು ಮುಚ್ಚುವುದು ನಮ್ಮ ಕಡೆಯವರಿಗೆ ಮೊದಲೇ ಗೊತ್ತಿರುವ ಕ್ರಮ. ಡಬ್ಬಿಯಲ್ಲಿದ್ದ ಎರಡು ಹುಳವನ್ನು ಅವರು ಅದೇ ದಿಮ್ಮಿಯ ತೊಗಟೆ ಕೆಳಗೆ ಬಿಟ್ಟುಬಂದರು.

ಆಪಿನ ಹಿನ್ನೆಲೆಯನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಸ್ನಾತಕೋತ್ತರ ಓದಿನ ಕೊನೆಯ ಪ್ರಾಜೆಕ್ಟ್ ಆಗಿ ಇದನ್ನು ಶುರು ಮಾಡಿದರು. ಫೋಟೊ ನೋಡಿ ಸಲಹೆ ಕೊಡುವ ಕಂಪ್ಯೂಟರ್ ವ್ಯವಸ್ಥೆ ಬಂದದ್ದು 2017ರಲ್ಲಿ. 2023ರಿಂದ ಲಾಭದ ಉದ್ದೇಶ ಇಲ್ಲದ ಸ್ವತಂತ್ರ ಸಂಸ್ಥೆಯಾಗಿ ನಡೆಯುತ್ತಿದೆ. ದುಡ್ಡಿಲ್ಲ, ಜಾಹೀರಾತಿಲ್ಲ. ಹೆಸರು ಹೇಳುವವರಿಗೂ ಯಾರೂ ಸಂಬಳ ಕೊಡುವುದಿಲ್ಲ. ಎಲ್ಲೋ ಕೂತು, ತಮ್ಮ ಕೆಲಸ ಮುಗಿಸಿ, ರಾತ್ರಿ ಹೊತ್ತು ಪಾಂಡವಪುರದ ಹುಳ ನೋಡಿ ಮೀಸೆ ಹೀಗಿದೆ ಅಂತ ಬರೆಯುವವರ ಮೇಲೆ ನನಗೆ ತುಂಬ ಗೌರವ ಇದೆ.

ಒಂದು ದಾಖಲೆಗೆ 'ರಿಸರ್ಚ್ ಗ್ರೇಡ್' ಅನ್ನುವ ಮುದ್ರೆ ಬೀಳಬೇಕಾದರೆ ಫೋಟೊ, ಜಾಗ, ತಾರೀಖು ಇರಬೇಕು. ಕನಿಷ್ಠ ಇಬ್ಬರು ಒಂದೇ ಜಾತಿ ಹೆಸರು ಹೇಳಿರಬೇಕು, ಹೇಳಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಪ್ಪಿರಬೇಕು. ಹಾಗೆ ಆದದ್ದು ಜಿಬಿಐಎಫ್ ಅನ್ನುವ ಜಾಗತಿಕ ಜೀವವೈವಿಧ್ಯ ಭಂಡಾರಕ್ಕೂ ಹೋಗಬಹುದು. ಆದರೆ ಮುದ್ರೆ ಬಿದ್ದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬೇಡಿ. ಇಬ್ಬರೂ ತಪ್ಪು ಹೇಳಿರುವುದು ಸಾಧ್ಯ. ಹೇಳಿದವರು ಕಾರಣ ಕೊಟ್ಟಿದ್ದಾರಾ ನೋಡಿ. ಕೊಟ್ಟಿಲ್ಲದಿದ್ದರೆ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಜಾಗದ ವಿಷಯದಲ್ಲಿ ಒಂದು ಎಚ್ಚರಿಕೆ. ಮನೆ ಹಿತ್ತಲಲ್ಲಿ ಸಿಕ್ಕ ಹುಳ ಹಾಕುವಾಗ ಮನೆಯ ಜಾಗವೇ ಮ್ಯಾಪಿನಲ್ಲಿ ಎಲ್ಲರಿಗೂ ಕಾಣುತ್ತದೆ. ಬೇಡ ಅನಿಸಿದರೆ 'ಅಬ್ಸ್‌ಕ್ಯೂರ್ಡ್' ಅಂತ ಆರಿಸಿ. ಆಗ ಅಕ್ಷಾಂಶ, ರೇಖಾಂಶ ಎರಡರಲ್ಲೂ 0.2 ಡಿಗ್ರಿಯ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ಬೀಳುತ್ತದೆ. ನಮ್ಮ ಕಡೆ ಲೆಕ್ಕ ಹಾಕಿದರೆ ಸುಮಾರು 22 ಕಿಲೋಮೀಟರ್ ಅಗಲದ ಚೌಕ. ಬೇರೆಯವರ ತೋಟದ ಹುಳ ಆದರೆ ನಾನು ಕೇಳಿಯೇ ಹಾಕುತ್ತೇನೆ.

ಕೊರತೆಗಳೂ ಇವೆ. ಉತ್ತರ ಯಾವಾಗ ಬರುತ್ತದೆ ಅಂತ ಹೇಳಲು ಬರುವುದಿಲ್ಲ. ಚಿಟ್ಟೆ, ಹಕ್ಕಿಗೆ ಬೇಗ ಸಿಗುತ್ತದೆ. ಕಪ್ಪು ಬಣ್ಣದ ಸಣ್ಣ ದುಂಬಿಗೆ ತಿಂಗಳುಗಟ್ಟಲೆ ಆದರೂ ಆಯಿತು. ನಮ್ಮ ದೇಶದ ಎಷ್ಟೋ ಹುಳಗಳನ್ನು ಫೋಟೊದಲ್ಲಿ ಜಾತಿ ಮಟ್ಟಕ್ಕೆ ಗುರುತಿಸುವುದೇ ಆಗದು. ಅದನ್ನು ಬಲ್ಲವರೂ ಕಡಿಮೆ. ಮಾತುಕತೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆಯುತ್ತದೆ, ಇದು ನಮ್ಮ ರೈತರಿಗೆ ದೊಡ್ಡ ಅಡ್ಡಿ. ಜೀವಿಗಳಿಗೆ ಊರಿನ ಭಾಷೆಯ ಹೆಸರು ಸೇರಿಸಲು ಅವಕಾಶ ಇದೆ. ಹುಳ, ಗಿಡಗಳಿಗೆ ನಮ್ಮ ಹೆಸರು ಗೊತ್ತಿರುವವರು ದಯವಿಟ್ಟು ಸೇರಿಸಿ. ಇನ್ನೊಂದು ಮುಖ್ಯ ವಿಷಯ: ಈ ಆಪ್ ಹುಳದ ಹೆಸರು ಹೇಳುತ್ತದೆಯೇ ಹೊರತು ಬೆಳೆಗೆ ಏನು ಮಾಡಬೇಕು ಅಂತ ಹೇಳುವುದಿಲ್ಲ. ಬೆಳೆ ಕಣ್ಣೆದುರು ಹಾಳಾಗುತ್ತಿದ್ದರೆ ಆಪಿಗೆ ಫೋಟೊ ಹಾಕಿ ಕಾಯುತ್ತಾ ಕೂರಬಾರದು. ಹುಳವನ್ನೂ ಹಾಳಾದ ಕೊಂಬೆಯನ್ನೂ ತೆಗೆದುಕೊಂಡು ನೇರ ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋಗಿ, ಕೀಟಶಾಸ್ತ್ರದವರಿಗೆ ತೋರಿಸಿ.

ಮಕ್ಕಳ ಕೈಗೆ ಕೊಡುವುದಾದರೆ ಇದೇ ಸಂಸ್ಥೆಯ 'ಸೀಕ್' ಆಪ್ ಒಳ್ಳೆಯದು. ಖಾತೆ ತೆರೆಯುವುದು ಬೇಡ, ಕ್ಯಾಮೆರಾ ಹಿಡಿದರೆ ಅಲ್ಲೇ ಹೇಳುತ್ತದೆ. ಗಿಡಗಳಿಗೆ ಚೆನ್ನಾಗಿದೆ. ತೊಗಟೆ ಕೆಳಗಿನ ಹುಳಕ್ಕೆ ಸಾಲದು, ಅಲ್ಲಿ ಮನುಷ್ಯರ ಕಣ್ಣೇ ಬೇಕು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಭಾಷೆಗೆ. ಇಂಗ್ಲಿಷ್ ಬಾರದವರು ತಾವೇ ಬಳಸುವ ಹಾಗೆ ಆದರೆ ಆ ಒಂದನ್ನೂ ಖುಷಿಯಿಂದ ಸೇರಿಸುತ್ತೇನೆ. ಅಲ್ಲಿವರೆಗೆ ನಮ್ಮ ಸುತ್ತಮುತ್ತಲಿನ ಊರಿನವರು ಹುಳ ತಂದರೆ ನಾನೇ ಹಾಕಿಕೊಡುತ್ತೇನೆ. ತರುವಾಗ ಔಷಧಿ ಇದ್ದ ಡಬ್ಬಿಯಲ್ಲಿ ಹಾಕಬೇಡಿ, ದಾರಿಯಲ್ಲೇ ಸಾಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬೆವತು ಕೊಳೆಯುತ್ತದೆ. ಒಣಗಿದ ಬೆಂಕಿಪೊಟ್ಟಣ ಸಾಕು, ಒಳಗೆ ಅದೇ ಮರದ ತೊಗಟೆ ಚೂರು ಹಾಕಿ. ಯಾವ ಮರ, ಮರ ಬದುಕಿತ್ತಾ ಸತ್ತಿತ್ತಾ, ಯಾವತ್ತು ಸಿಕ್ಕಿತು, ಇಷ್ಟನ್ನು ಪೊಟ್ಟಣದ ಮೇಲೆ ಬರೆದು ತನ್ನಿ.